ಕೋರ್ಟಿನಲ್ಲಿ ಉಳಿದ ಸದ್ದುಗಳು

ನಮ್ಮ ಊರಿನ ಮುನ್ಸೀಫ ಕೋರ್ಟಿನಲ್ಲಿ ನಾನು ಹತ್ತೊಂಬತ್ತು ವರ್ಷ ನಾಜರ್ ಆಗಿದ್ದೆ. ಕೋರ್ಟಿಗೆ ಬಂದ ಫೀಯನ್ನು ಜೋಪಾನ ಮಾಡುವುದು ನಾಜರ್ ಕೆಲಸ. ದಾವೆ ಹೂಡಲು ಬಂದವರು ತಮ್ಮ ಮನೆಯ ಒಂದು ಸದ್ದನ್ನು ತಂದು ಕೊಡಬೇಕಿತ್ತು, ಅದೇ ಫೀ. ಕೆಲವರು ಕೊಡಪಾನ ತರುತ್ತಿದ್ದರು, ಕೆಲವರು ಕಾಲ್ಗೆಜ್ಜೆ, ಇನ್ನು ಕೆಲವರು ಒರಳುಕಲ್ಲನ್ನೇ ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ನನ್ನ ಮೇಜಿನ ಮುಂದೆ ನಿಂತು ಮೂರು ಸಲ ಸದ್ದು ಮಾಡಬೇಕು. ಮೂರನೆಯದು ಮುಗಿಯುವುದರೊಳಗೆ ನಾನು ಭರಣಿಯ ಬಾಯಿ ಮುಚ್ಚಿ, ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದೆ. ಬಾವಿಯ ರಾಟೆ, ಬಾಗಿಲು, ತೂಗುಮಂಚ ಇಂಥವಾದರೆ ನಾನೇ ಭರಣಿ ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಆಮೇಲೆ ಆ ವಸ್ತು ಎಂದಿನಂತೆಯೇ ಕೆಲಸ ಮಾಡುತ್ತಿತ್ತು, ಸದ್ದು ಮಾತ್ರ ಇರುತ್ತಿರಲಿಲ್ಲ. ದಾವೆ ಗೆದ್ದರೆ ಭರಣಿ ವಾಪಸು. ಸೋತರೆ ಅದು ಕೋರ್ಟಿನದು.

ಜನ ಇದಕ್ಕೆ ಹೊಂದಿಕೊಂಡಿದ್ದರು. ಕುಕ್ಕರಿನ ಸೀಟಿ ಕೊಟ್ಟವಳು ಗಡಿಯಾರ ನೋಡಿ ಅನ್ನ ಇಳಿಸುತ್ತಿದ್ದಳು. ಚಿಲಕದ ಸದ್ದು ಕೊಟ್ಟ ಮನೆಗೆ ಹೋಗುವವರು ಹೊಸ್ತಿಲಲ್ಲಿ ನಿಂತು ಜೋರಾಗಿ ಕೆಮ್ಮುತ್ತಿದ್ದರು. ಪತ್ತಾರ ಓಣಿಯ ಮುದುಕರೊಬ್ಬರು ತಮ್ಮ ಊರುಗೋಲಿನ ಟಕಟಕವನ್ನು ಫೀಯಾಗಿ ಕೊಟ್ಟು ಸೋತ ಮೇಲೆ, ಅವರು ಯಾವಾಗ ಬಂದು ಬೆನ್ನ ಹಿಂದೆ ನಿಂತರೆಂದು ತಿಳಿಯದೆ ಸೊಸೆಯಂದಿರು ಎಂಟು ವರ್ಷ ಬೆಚ್ಚಿ ಬೀಳುತ್ತಲೇ ಇದ್ದರು. ಆದರೂ ಇದೊಂದು ದೊಡ್ಡ ಕಷ್ಟವೆಂದು ಯಾರೂ ಹೇಳಿಕೊಂಡದ್ದನ್ನು ನಾನು ಕೇಳಲಿಲ್ಲ. ನ್ಯಾಯ ಬೇಕೆಂದರೆ ಏನಾದರೂ ಬಿಡಬೇಕಲ್ಲ ಎನ್ನುತ್ತಿದ್ದರು.

ಭರಣಿಗಳಿಗೆಂದು ಎರಡು ಕೋಣೆಗಳಿದ್ದವು. ಎಡಗಡೆಯ ಕೋಣೆಯಲ್ಲಿ ನಡೆಯುತ್ತಿರುವ ದಾವೆಗಳವು, ಬಲಗಡೆಯದರಲ್ಲಿ ಮುಗಿದವು. ಭರಣಿ ಯಾವ ಕೋಣೆಯಲ್ಲಿದೆಯೋ ದಾವೆ ಅಲ್ಲಿದೆ ಎಂದು ಲೆಕ್ಕ. ನಮ್ಮ ಕೋರ್ಟಿನಲ್ಲಿ ಅದಕ್ಕೆ ಬೇರೆ ಕಾಗದವಿರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಪಡುವಣ ಕಿಟಕಿಯ ಬಿಸಿಲು ಬಲಗಡೆಯ ಕೋಣೆಯೊಳಗೆ ಬೀಳುತ್ತಿತ್ತು. ಬಿಸಿಲು ತಾಗಿದ ಭರಣಿಗಳಲ್ಲಿ ಸದ್ದುಗಳು ಮೆಲ್ಲಗೆ ಮಿಸುಕುತ್ತಿದ್ದವು. ಹತ್ತಿರ ಹೋಗಿ ಕಿವಿ ಹಚ್ಚಿದರೆ ಬೀಸುಕಲ್ಲು, ತೊಟ್ಟಿಲು, ಕಡಗೋಲು ಎಂದು ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಬಾಗಿಲಲ್ಲಿ ನಿಂತು ಕೇಳಿದರೆ ಎಲ್ಲೋ ದೂರದಲ್ಲಿ ಒಂದು ಊರು ನಿದ್ದೆಯಿಂದ ಏಳುತ್ತಿರುವಂತೆ ಇರುತ್ತಿತ್ತು. ನಾನು ಆ ಹೊತ್ತಿಗೆ ಕೆಲಸ ಬಿಟ್ಟು ಸುಮ್ಮನೆ ಕೂರುತ್ತಿದ್ದೆ.

ಊರಿನ ಮೂರು ದಿಕ್ಕಿಗೂ ಕಲ್ಲಿನ ಖಣಿಗಳು. ಹಳೆಯ ಖಣಿ, ಹೊಸ ಖಣಿ, ಕಲ್ಲು ತೆಗೆದು ಬಿಟ್ಟುಹೋದ ಆಳವಾದ ಹೊಂಡಗಳು. ವರ್ಷಕ್ಕೆ ಎರಡೋ ಮೂರೋ ಸಲ ಗಾಳಿ ತಿರುಗಿ ಖಣಿಯ ಬಿಳಿ ಧೂಳು ಎದ್ದು ನಿಲ್ಲುತ್ತಿತ್ತು. ಎದ್ದರೆ ಮೂರು ದಿನ ಇಳಿಯುತ್ತಿರಲಿಲ್ಲ. ಹಾಲಿನೊಳಗೆ ಕಣ್ಣು ತೆರೆದ ಹಾಗೆ, ನಮ್ಮ ಅಂಗೈ ನಮಗೇ ಕಾಣುತ್ತಿರಲಿಲ್ಲ. ಆ ಧೂಳಿನಲ್ಲಿ ಕೂಗು ಎರಡು ಮಾರು ದಾಟದೆ ಕೆಳಗೆ ಬೀಳುತ್ತಿತ್ತು. ಪೇಟೆಯಿಂದ ತಂದ ಸೀಟಿಗಳೂ ಅಷ್ಟೇ. ಮನೆಯ ಸದ್ದು ಮಾತ್ರ ದಾಟುತ್ತಿತ್ತು. ಅದಕ್ಕೇ ಧೂಳು ಎದ್ದ ಕೂಡಲೇ ಹೆಂಗಸರು ಬಾಗಿಲಲ್ಲಿ ನಿಂತು ತಮ್ಮ ತಮ್ಮ ಊಟದ ತಾಟು ಬಾರಿಸುತ್ತಿದ್ದರು, ಗಂಡಸರು ತಮ್ಮ ತಮ್ಮ ತಾಟಿನ ಸದ್ದು ಹಿಡಿದು ಬರುತ್ತಿದ್ದರು. ಆದರೆ ತಾಟಿನ ಸದ್ದು ದೂರದ ಖಣಿಯವರೆಗೆ ಹೋಗುತ್ತಿರಲಿಲ್ಲ. ಅಲ್ಲಿದ್ದವರು ಇದ್ದಲ್ಲೇ ಕೂತು ಧೂಳು ಇಳಿಯಲೆಂದು ಕಾಯಬೇಕು. ಕಾಯಲಾರದೆ ಎದ್ದು ನಡೆದವರಲ್ಲಿ ಕೆಲವರು ಹೊಂಡಕ್ಕೆ ಹೋಗುತ್ತಿದ್ದರು.

ಫೌಜದಾರ ತಿಪ್ಪಣ್ಣ ಹೂಗಾರ ನಮ್ಮ ಊರಿನ ಠಾಣೆಗೆ ಬಂದು ಎರಡು ವರ್ಷವಾಗಿತ್ತು. ಬಂದ ಹೊಸತರಲ್ಲೇ ಧೂಳಿನಲ್ಲಿ ಜನರನ್ನು ಹುಡುಕಲು ಹೋದ ಅವರ ಪೊಲೀಸನೊಬ್ಬ ಹೊಂಡದಲ್ಲಿ ಹೆಣವಾಗಿ ಸಿಕ್ಕಿದ್ದ. ಅಂದಿನಿಂದ ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾವೇ ಮುಂದೆ ಹೋಗುತ್ತಿದ್ದರು. ಒಂದು ದಿನ ನನ್ನ ಮೇಜಿನ ಎದುರು ಬಂದು ಕೂತರು. ಕೋರ್ಟಿನ ಹೆಣ್ಣುಮಗಳೆಂದು ಊರೆಲ್ಲ ನನ್ನನ್ನು ಬಾಯಾರ ಎನ್ನುತ್ತಿತ್ತು, ಅವರೂ ಹಾಗೆಯೇ.

"ಬಾಯಾರ, ನಿಮ್ಮ ಬಲಗಡಿ ಕೋಣ್ಯಾಗ ಎಷ್ಟ ಭರಣಿ ಅದಾವ್ರಿ?"

"ಮುನ್ನೂರರ ಮ್ಯಾಲ ಅದಾವ್ರಿ."

"ಅವು ಸುಮ್ಮನ ಕುಂತಾವು. ನನ್ನ ಮಂದಿ ಕಡೆ ಧೂಳಿನ್ಯಾಗ ಕೇಳೂವಂಥಾ ಒಂದು ಸೀಟಿ ಇಲ್ಲ."

"ಅವು ಮಂದಿ ಸದ್ದು, ಸಾಹೇಬ್ರ."

"ಮಂದೀನ ಉಳಸಾಕ ಕೇಳಾಕತ್ತೀನ್ರಿ. ನನ್ನ ಮನೀಗೆ ಒಯ್ಯೂದಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮುನ್ಸೀಫ ಸಾಹೇಬರಿಗೆ ಅರ್ಜಿ ಕೊಟ್ಟರು. ಎಂಟು ದಿನಕ್ಕೆ ಆದೇಶವಾಯಿತು. ತೀರ್ಪಾಗಿ ಏಳು ವರ್ಷ ದಾಟಿದ ಫೀಯನ್ನು ಹೆಚ್ಚುವರಿ ಎಂದು ತಿಳಿಯತಕ್ಕದ್ದು, ಅದನ್ನು ಪೊಲೀಸರ ಸಲಕರಣೆಗೆ ಕೊಡತಕ್ಕದ್ದು. ಹನ್ನೆರಡು ಸೀಟಿಗಳಿಗೆ ಹನ್ನೆರಡು ಸದ್ದು, ಠಾಣೆಯ ಮಾಳಿಗೆಯ ಮೇಲಿನ ಸೈರನ್ನಿಗೆ ಒಂದು. ಆದೇಶದ ಪ್ರತಿ ತೆಗೆದುಕೊಳ್ಳಲು ಹೋದಾಗ, ಸೀಟಿಯೊಳಗೆ ಹೋದದ್ದು ಮತ್ತೆ ಭರಣಿಗೆ ಬರುತ್ತದೆಯೇ ಎಂದು ಮುನ್ಸೀಫರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಮುಗಿದ ದಾವೇದ್ದು ವಾಪಸ್ ಯಾಕ ಬರಬೇಕು?" ಅಂದರು.

ನಾನು ಬಲಗಡೆಯ ಕೋಣೆಗೆ ಹೋಗಿ ಏಳು ವರ್ಷ ದಾಟಿದ ಭರಣಿಗಳನ್ನು ಒಂದೊಂದಾಗಿ ಇಳಿಸತೊಡಗಿದೆ. ಹುಲಿಗೆವ್ವನ ಭರಣಿ ಕೈಗೆ ಬಂದಾಗ ನಿಂತುಬಿಟ್ಟೆ. ಅದರ ತೀರ್ಪಾಗಿ ಏಳು ವರ್ಷ ಎರಡು ತಿಂಗಳಾಗಿತ್ತು.

ಹುಲಿಗೆವ್ವ ಕಲ್ಲು ಒಡೆಯುವವಳು. ಅವಳ ಗಂಡ ದುರಗಪ್ಪ ನೀಲಕಂಠಗೌಡರ ಖಣಿಯಲ್ಲಿ ಕಲ್ಲುಕೆಲಸಕ್ಕಿದ್ದ. ಖಣಿಯ ಅಂಚಿಗೆ ಗೋಡೆ ಇರಲಿಲ್ಲ. ಒಂದು ದಿನ, ಧೂಳೂ ಇಲ್ಲದ ಬೆಳಗಿನಲ್ಲಿ, ಕಲ್ಲು ಹೇರಿದ ಗಾಡಿಗೆ ದಾರಿ ಬಿಡಲು ಹಿಂದೆ ಸರಿದವನು ಹೊಂಡಕ್ಕೆ ಬಿದ್ದ. ಹುಲಿಗೆವ್ವ ಗೌಡರ ಮೇಲೆ ದಾವೆ ಹೂಡಿದಳು. ಗಂಡನ ಸುತ್ತಿಗೆ ಮತ್ತು ಚಾಣ ತಂದು, ನನ್ನ ಮುಂದೆ ಒಂದು ಕಲ್ಲಿನ ಚೂರಿನ ಮೇಲೆ ಮೂರು ಸಲ ಹೊಡೆದು, ಆ ಸದ್ದನ್ನು ಫೀಯಾಗಿ ಕೊಟ್ಟಳು. ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಅವನು ಹೊಡೆಯುತ್ತಿದ್ದದ್ದೇ ಹಾಗೆ. ಅದು ಗಂಟೆಯ ಹಾಗೆ ಕಟ್ಟಡವೆಲ್ಲ ತುಂಬಿತ್ತು. ವಿಚಾರಣೆಯ ದಿನ ಖಣಿಯ ಆಳುಗಳ ಮೇಲ್ವಿಚಾರಣೆಗಿದ್ದ ಮುಕಾದಮ ಯಮನಪ್ಪ ಸಾಕ್ಷಿಕಟ್ಟೆಗೆ ಬಂದು, "ನಾ ಆ ಕಡೆ ಮಾರಿ ಮಾಡಿ ನಿಂತಿದ್ನಿರಿ, ಏನೂ ನೋಡಿಲ್ರಿ" ಎಂದು ಹೇಳಿ ಇಳಿದುಹೋದ. ಬೇರೆ ಯಾರೂ ಬರಲೇ ಇಲ್ಲ. ಅವಳು ಸೋತಳು.

ಅಂದಿನಿಂದ ಅವಳು ಅದೇ ಸುತ್ತಿಗೆಯಲ್ಲಿ ಸದ್ದಿಲ್ಲದೆ ಕಲ್ಲು ಒಡೆಯುತ್ತಿದ್ದಳು. ನೋಡುವವರಿಗೆ ಕನಸಿನಲ್ಲಿ ಯಾರೋ ಕೆಲಸ ಮಾಡುತ್ತಿರುವಂತೆ ಕಾಣುತ್ತಿತ್ತು. ಪೆಟ್ಟು ಬೀಳುತ್ತದೆ, ಕಲ್ಲು ಬಿರಿಯುತ್ತದೆ, ಏನೂ ಕೇಳುವುದಿಲ್ಲ. ಪ್ರತಿ ಸೋಮವಾರ ಸಂತೆ ಮುಗಿಸಿ ಕೋರ್ಟಿಗೆ ಬರುತ್ತಿದ್ದಳು. ಮೂರು ಗಂಟೆಯ ಬಿಸಿಲಿಗೆ ಆ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ಹಚ್ಚಿ, ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂತು ಎದ್ದು ಹೋಗುತ್ತಿದ್ದಳು. ಅದು ನಿಯಮಕ್ಕೆ ವಿರೋಧ. ಮೊದಲ ಸಲ ನಾನು ಬೇಡವೆನ್ನಲಿಲ್ಲ, ಆಮೇಲೆ ಹೇಗೆ ಬೇಡವೆನ್ನಲಿ?

ಆ ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗಡೆಯ ಕೋಣೆಗೆ ಒಯ್ದು, ನಡೆಯುತ್ತಿರುವ ದಾವೆಗಳ ಹಿಂದಿನ ಸಾಲಿನಲ್ಲಿ ಇಟ್ಟೆ; ಸೋಮವಾರ ಹುಲಿಗೆವ್ವ ಬಂದಾಗ ಅಲ್ಲಿಂದಲೇ ತಂದು ಕೊಟ್ಟೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ನಾನು ಮಾಡಿದ ಮೊದಲ ಕಳ್ಳತನ ಅದು. ಮನೆಗೆ ಹೋಗಿ ನಮ್ಮ ಮನೆಯವರಿಗೆ ಹೇಳಿದೆ. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾತು ಕಡಿಮೆ. "ಯಾರಿಗೂ ಹೇಳಬ್ಯಾಡ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಛಲೋ ಮಾಡಿದಿ" ಅಂದರು.

ಸೀಟಿಗಳು ಬಂದವು. ಮೊದಲ ವಾರ ಊರಿಗೆ ಊರೇ ತಬ್ಬಿಬ್ಬಾಯಿತು. ಸಂತೆಯಲ್ಲಿ ಜಗಳ ಬಿಡಿಸಲು ಒಬ್ಬ ಪೊಲೀಸ ಸೀಟಿ ಊದಿದರೆ ಹಾಲು ಉಕ್ಕಿ ಒಲೆಗೆ ಬಿದ್ದ ಸದ್ದು ಬಂತು. ಹೆಂಗಸರೆಲ್ಲ ಕಾಯಿಪಲ್ಲೆ ಅಲ್ಲೇ ಬಿಟ್ಟು ಮನೆ ಕಡೆಗೆ ಓಡಿದರು. ಇನ್ನೊಬ್ಬನ ಸೀಟಿಯಲ್ಲಿ ತೊಟ್ಟಿಲ ಹಗ್ಗದ ಜೀಕು. ಅವನು ಊದಿದಾಗ ಕುಡಿದು ಕೂಗಾಡುತ್ತಿದ್ದವನೊಬ್ಬ ಕಟ್ಟೆಯ ಮೇಲೆ ಮುದುಡಿ ಮಲಗಿದ. ಪತ್ತಾರ ಓಣಿಯ ಮುದುಕರ ಊರುಗೋಲಿನ ಸದ್ದು ಸಿಕ್ಕ ಪೊಲೀಸನಿಗೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ. ಅವನು ಓಣಿಯ ತುದಿಯಲ್ಲಿ ಸೀಟಿ ಊದಿದರೆ ಇಸ್ಪೀಟು ಆಡುವವರೆಲ್ಲ ಎದ್ದು ನಿಂತು ಬೀಡಿ ಎಸೆಯುತ್ತಿದ್ದರು. ತಮ್ಮ ಸದ್ದು ಗುರುತಿಸಿದವರು ಜಗಳಕ್ಕೆ ಬರಲಿಲ್ಲ. ಪೊಲೀಸರ ಹಿಂದೆ ನಾಲ್ಕು ಹೆಜ್ಜೆ ನಡೆದು, "ಇದು ನಮ್ಮವ್ವನ ಒರಳಿನ ಸದ್ದು, ಇನ್ನೊಮ್ಮೆ ಊದ್ರಿ" ಎಂದು ಕೇಳುತ್ತಿದ್ದರು. ಪೊಲೀಸರು ಸುತ್ತಮುತ್ತ ನೋಡಿ ಮೆಲ್ಲಗೆ ಊದುತ್ತಿದ್ದರು.

ಸೈರನ್ನಿನದೇ ಚಿಂತೆ. ನಾನು ಕೊಟ್ಟ ಸದ್ದುಗಳಲ್ಲಿ ಒಂಬತ್ತನ್ನು ಹಾಕಿ ನೋಡಿದರು. ಬೀಸುಕಲ್ಲು ಊರ ಬಾಗಿಲಲ್ಲೇ ನಿಂತಿತು. ಕೊಡಪಾನ ಮೊದಲ ಹೊಂಡ ದಾಟಲಿಲ್ಲ. ದೇವರ ಮನೆಯ ಗಂಟೆಯೊಂದು ಎರಡನೆಯ ಹೊಂಡದವರೆಗೆ ಹೋಗಿ ಅಲ್ಲೇ ಸುತ್ತಿತು. ದಾಟಲಾರದ್ದು ಸೈರನ್ನಿನಲ್ಲೂ ನಿಲ್ಲಲಿಲ್ಲ, ಭರಣಿಗೂ ತಿರುಗಿ ಬರಲಿಲ್ಲ. ಫೌಜದಾರರು ಸೋತ ಮುಖ ಮಾಡಿಕೊಂಡು ಬಂದು, "ಇನ್ನ ಗಟ್ಟಿ ಯಾವುದೂ ಇಲ್ಲೇನ್ರಿ ಬಾಯಾರ?" ಎಂದು ಕೇಳಿದರು. ನಾನು ನೆಲ ನೋಡುತ್ತ ಇಲ್ಲವೆಂದೆ.

ಆ ವರ್ಷ ಧೂಳು ಎಂದಿಗಿಂತ ಒಂದು ತಿಂಗಳು ಮೊದಲೇ ಎದ್ದಿತು. ಸೋಮವಾರ, ಎರಡು ಗಂಟೆಯ ಹೊತ್ತು. ಹುಲಿಗೆವ್ವ ಆಗಷ್ಟೇ ಒಳಗೆ ಬಂದಿದ್ದಳು. ಬಿಸಿಲು ಒಮ್ಮೆಲೇ ಆರಿ ಕಿಟಕಿಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾದವು. ಹೊರಗೆ ಓಣಿ ಓಣಿಯಲ್ಲಿ ತಾಟುಗಳ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಫೌಜದಾರರು ಬಂದರು. ಸೊಂಟದಲ್ಲಿ ಹಗ್ಗ. ಹುಬ್ಬು, ಮೀಸೆ, ಟೋಪಿ ಎಲ್ಲ ಬಿಳಿ.

"ಬಾಯಾರ, ಗೌಡರ ಖಣ್ಯಾಗ ಇಪ್ಪತ್ಮೂರು ಮಂದಿ ಸಿಕ್ಕಾರ. ಕಾಯಲಾರದ ಎದ್ದು ನಡದ್ರಂದ್ರ ಹೊಂಡಕ್ಕ ಬೀಳ್ತಾರ. ಯಾವುದರ ಒಂದು ಕೊಡ್ರಿ."

"ನನ್ನ ಕಡೆ ಇಲ್ಲರಿ ಸಾಹೇಬ್ರ" ಅಂದೆ.

ಮೂಲೆಯಲ್ಲಿ ಕೂತಿದ್ದ ಹುಲಿಗೆವ್ವ ಮಾತಾಡಿದಳು. "ಐತ್ರಿ. ನನ್ನದು ಐತಿ."

ಫೌಜದಾರರು ಅವಳ ಕಡೆಗೆ ತಿರುಗಿದರು. ಅವಳು ಎದ್ದು ನಿಂತು, "ಒಳಗ ಯಾರ್ಯಾರ ಅದಾರ್ರಿ?" ಎಂದು ಕೇಳಿದಳು. ಅವರು ನೆನಪಿದ್ದ ಹೆಸರುಗಳನ್ನು ಹೇಳತೊಡಗಿದರು. ಎಂಟನೆಯದೋ ಒಂಬತ್ತನೆಯದೋ ಹೆಸರು ಮುಕಾದಮ ಯಮನಪ್ಪನದು. ಅದನ್ನು ಕೇಳಿ ಅವಳು ಕೈಯೆತ್ತಿ ಅವರನ್ನು ತಡೆದಳು. ಹೊರಗೆ ತಾಟುಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು; ಹತ್ತಿರದ ಗಂಡಸರು ಮನೆ ಸೇರುತ್ತಿದ್ದರು.

ನಾನು ಅವಳ ಬಳಿ ಹೋಗಿ, "ಹುಲಿಗೆವ್ವಾ, ಒಮ್ಮೆ ಹ್ವಾದರ ತಿರುಗಿ ಬರ್ತೈತಿ ಅನ್ನೂದು ಗೊತ್ತಿಲ್ಲ. ಬ್ಯಾಡ ಅಂದ್ರ ಬ್ಯಾಡ. ಯಾರೂ ನಿನಗ ಏನೂ ಅನ್ನೂದಿಲ್ಲ" ಅಂದೆ.

"ಯಮನಪ್ಪ ಸತ್ತನಂದ್ರ, ನನ್ನ ಗಂಡ ಹೆಂಗ ಬಿದ್ದ ಅಂತ ನೋಡಿದಾವ ಒಬ್ಬನೂ ಉಳ್ಯೂದಿಲ್ರಿ ಬಾಯಾರ" ಅಂದಳು. "ಅಂವಾ ಬದುಕಬೇಕು. ಕೊಡ್ರಿ."

ನಾನು ಎಡಗಡೆಯ ಕೋಣೆಗೆ ಹೋಗಿ ಭರಣಿ ತಂದೆ. ಫೌಜದಾರರು ಅದು ಯಾವ ಕೋಣೆಯಿಂದ ಬಂತೆಂದು ನೋಡಿ, ಹಗ್ಗದ ತುದಿಯನ್ನು ನಮ್ಮ ಕಡೆಗೆ ಚಾಚಿದರು. ಮೂವರೂ ಹಗ್ಗ ಹಿಡಿದು ಠಾಣೆಗೆ ಹೋದೆವು. ಮಾಳಿಗೆಯ ಮೇಲೆ ಸೈರನ್ನಿನ ಬಾಯಿಗೆ ಭರಣಿ ಹಿಡಿದು ನಾನೇ ಅರಗು ಒಡೆದೆ. ಹಿಡಿಕೆ ತಿರುವುವ ಕೆಲಸವನ್ನು ಹುಲಿಗೆವ್ವ ಬೇರೆ ಯಾರಿಗೂ ಬಿಡಲಿಲ್ಲ.

ಎರಡು ಸಣ್ಣ ಪೆಟ್ಟು, ಒಂದು ದೊಡ್ಡದು. ಎರಡು ಸಣ್ಣದು, ಒಂದು ದೊಡ್ಡದು. ಆ ಬಿಳುಪಿನೊಳಗೆ ಸದ್ದು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಹೋಯಿತು. ಒಂದನೆಯ ಹೊಂಡ ದಾಟಿತು, ಎರಡನೆಯದನ್ನು ದಾಟಿತು. ಎಷ್ಟೋ ಹೊತ್ತಿಗೆ ಅತ್ತಲಿಂದ ಅದರ ಪ್ರತಿಧ್ವನಿ ತಿರುಗಿ ಬಂತು. ಯಾರೋ ಅಲ್ಲಿ ಕೂತು ಉತ್ತರವಾಗಿ ಹೊಡೆಯುತ್ತಿದ್ದ ಹಾಗೆ. ಹುಲಿಗೆವ್ವ ಒಂದು ಕ್ಷಣ ಕೈ ನಿಲ್ಲಿಸಿದಳು. ಆಮೇಲೆ ಮತ್ತೆ ತಿರುವಿದಳು.

ನಾಲ್ಕೂವರೆಯ ಹೊತ್ತಿಗೆ ಜನ ಬಂದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಹಿಟ್ಟಿನಲ್ಲಿ ಹೊರಳಿದವರಂತೆ, ಸಾಲಾಗಿ ಬಂದರು. ಫೌಜದಾರರು ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿದರು. ಇಪ್ಪತ್ಮೂರು. ಸಾಲಿನ ಕೊನೆಯಲ್ಲಿ ಯಮನಪ್ಪ. ಅವನು ಮೆಟ್ಟಿಲ ಮೇಲೆ ನಿಂತು ಕಣ್ಣುಜ್ಜಿಕೊಂಡು ಸುತ್ತ ನೋಡಿದ.

"ದುರಗಪ್ಪ ಎಲ್ಲಿ ಅದಾನ?" ಅಂದ. "ಅಂವಾ ಹೊಡ್ಯೂದು ಕೇಳೇ ಬಂದ್ವಿ."

ಮಾಳಿಗೆಯಿಂದ ಇಳಿದು ಬಂದ ಹುಲಿಗೆವ್ವ ಅವನ ಎದುರು ನಿಂತಳು. "ಎಲ್ಲಿ ಅದಾನ ಅನ್ನೂದು ನೀ ಹೇಳಬೇಕು, ಯಮನಪ್ಪಣ್ಣ" ಅಂದಳು. ಯಮನಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಧೂಳು ಇಳಿದ ದಿನವೇ ನಾನು ಮುನ್ಸೀಫ ಸಾಹೇಬರ ಮುಂದೆ ಹೋಗಿ ಭರಣಿಯ ವಿಷಯವನ್ನೆಲ್ಲ ಹೇಳಿಬಿಟ್ಟೆ. ಅವರು ತಲೆ ಎತ್ತದೆ ಕೇಳಿದರು.

"ಎಷ್ಟು ದಿನ ಎಡಗಡೆ ಕೋಣ್ಯಾಗ ಇತ್ತು?"

"ಮೂರು ತಿಂಗಳಾಗಿತ್ತು ಸಾಹೇಬ್ರ."

"ನಿಮಗ ಶಿಕ್ಷೆ ಆಗ್ತದ. ನಾಜರ್ ಕೆಲಸ ಇನ್ನ ನಿಮ್ಮ ಕಡೆ ಇರೂದಿಲ್ಲ."

"ಆಗಲ್ರಿ."

ಅವರು ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು, "ಭರಣಿ ಎಲ್ಲಿ ಅದನೋ ದಾವೆ ಅಲ್ಲಿ ಅದ. ಅದು ನಡೆಯೋ ದಾವೆಗಳ ಕೋಣ್ಯಾಗ ಇತ್ತು ಅಂದ ಮ್ಯಾಲ, ಆ ದಾವೆ ಮುಗದಿಲ್ಲ. ಆ ಹೆಣ್ಣಮಗಳಿಗೆ ಹೇಳ್ರಿ. ಸಾಕ್ಷಿ ಇದ್ದರ ಕರಕೊಂಡು ಬರಲಿ."

ಗೌಡರ ವಕೀಲರು ಬಹಳ ಹೊತ್ತು ವಾದಿಸಿದರು. ನಾಜರ್ ಮಾಡಿದ ಮೋಸದಿಂದ ದಾವೆ ಜೀವ ಪಡೆಯಬಾರದು ಅಂದರು. ಅವರು ಹೇಳಿದ್ದೂ ಸರಿಯೇ. ಆದರೆ ಅಷ್ಟರಲ್ಲಿ ಯಮನಪ್ಪ ಯಾರೂ ಕರೆಯದೆಯೇ ಸಾಕ್ಷಿಕಟ್ಟೆ ಹತ್ತಿ ನಿಂತಿದ್ದ. ಅವನ ಹಿಂದೆ ಬಾಗಿಲಲ್ಲಿ ಇಪ್ಪತ್ತೆರಡು ಜನ ನಿಂತಿದ್ದರು. ಹಿಂದಿನ ವಿಚಾರಣೆಯ ದಿನ ಅವರೆಲ್ಲ ಎಲ್ಲಿದ್ದರೋ.

"ನಾ ಆ ಕಡೆ ಮಾರಿ ಮಾಡಿ ನಿಂತಿರಲಿಲ್ರಿ" ಎಂದು ಯಮನಪ್ಪ ಶುರು ಮಾಡಿದ. "ಅಂವನ ಮಾರೀನ ನೋಡಕೋತ ನಿಂತಿದ್ನಿ. ಅಂಚಿಗೆ ಗ್ವಾಡಿ ಕಟ್ಟಸ್ರಿ ಅಂತ ದುರಗಪ್ಪ ಧಣ್ಯಾರಿಗೆ ಎರಡು ಸಲ ಕೇಳಿದ್ದನ್ರಿ. ಮೂರನೇ ಸಲ ನಾನ ಅವನ ಬಾಯಿ ಮುಚ್ಚಿಸಿದ್ನಿ. ಕೆಲಸ ಹೋಗ್ತೈತಿ ಮಗನ, ಸುಮ್ನಿರು ಅಂದ್ನಿ. ಅವತ್ತ ಗಾಡಿಗೆ ದಾರಿ ಬಿಡು ಅಂತ ಕೂಗಿದಾವನೂ ನಾನರಿ."

ಹುಲಿಗೆವ್ವ ಅಳಲಿಲ್ಲ. ಬಾಯಲ್ಲಿ ಸೆರಗು ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇದು, ಬಂದಾಗ ಅದು ಹೀಗೆ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ನೀಲಕಂಠಗೌಡರು ಮುಂದಿನ ಬೆಂಚಿನಲ್ಲಿ ಕೂತು ತಮ್ಮ ಕೈಗಡಿಯಾರಕ್ಕೆ ಕೀಲಿ ಕೊಡುತ್ತಲೇ ಇದ್ದರು.

ಅವಳು ಗೆದ್ದಳು. ಗೌಡರು ಅವಳ ಜೀವಮಾನಕ್ಕೆ ಆಗುವಷ್ಟು ಪರಿಹಾರ ಕೊಡಬೇಕು, ತಮ್ಮ ಎಲ್ಲ ಹೊಂಡಗಳ ಅಂಚಿಗೂ ಎದೆಮಟ್ಟದ ಗೋಡೆ ಕಟ್ಟಿಸಬೇಕು ಎಂದು ತೀರ್ಪಾಯಿತು. ಆ ಗೋಡೆಗಳನ್ನು ಕಟ್ಟಿದವರಲ್ಲಿ ಯಮನಪ್ಪನೂ ಒಬ್ಬ. ಮುಕಾದಮಿಕೆ ಹೋಗಿತ್ತು, ಕಲ್ಲು ಹೊರುವ ಕೆಲಸಕ್ಕೆ ಬಂದಿದ್ದ.

ಗೆದ್ದವರಿಗೆ ಫೀ ವಾಪಸು. ಹೊಸ ನಾಜರ್ ಗುರುಶಾಂತಪ್ಪ ಎಲ್ಲವನ್ನೂ ಎರಡೆರಡು ಸಲ ಓದುವ ಮನುಷ್ಯ. ಅವನು ತೀರ್ಪನ್ನು ಎರಡು ಸಲ ಓದಿ, ಖಾಲಿ ಭರಣಿ ಹಿಡಿದು ಠಾಣೆಗೆ ಹೋದ. ಫೌಜದಾರರು ನನ್ನನ್ನು ಕರೆಸಿದರು. ಆಗ ನಾನು ಸಮನ್ಸು ಮುಟ್ಟಿಸುವ ಅಮೀನ ಕೆಲಸದಲ್ಲಿದ್ದೆ.

"ನೀವು ಒಂದು ಮಾತು ಹೇಳ್ರಿ ಬಾಯಾರ. ನಿಮ್ಮ ಮಾತು ಅಕಿ ಕೇಳ್ತಾಳ. ಆ ಸದ್ದು ಇಲ್ಲೇ ಇರಲಿ."

ನಾವು ಅವಳ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಕೂತು ಒಂದು ಬೀಸುಕಲ್ಲಿಗೆ ಕಚ್ಚು ಹಾಕುತ್ತಿದ್ದಳು. ಸುತ್ತಿಗೆ ಏಳುತ್ತಿತ್ತು, ಬೀಳುತ್ತಿತ್ತು. ಕಿಡಿ ಮಾತ್ರ ಕಾಣುತ್ತಿತ್ತು. ಫೌಜದಾರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಬೇಕಾದದ್ದನ್ನೆಲ್ಲ ಹೇಳಿದರು. ಖಣಿ ಇನ್ನೂ ದೂರ ಹೋಗುತ್ತಿದೆ, ಧೂಳು ಪ್ರತಿ ವರ್ಷ ಬರುತ್ತದೆ, ಈ ಸದ್ದೊಂದೇ ಅಲ್ಲಿಯವರೆಗೆ ಮುಟ್ಟುತ್ತದೆ.

"ಊರಿಗೆ ಬೇಕಲ್ಲವಾ, ಹುಲಿಗೆವ್ವಾ" ಅಂದರು.

"ಊರಿಗೆ ಬೇಕಂದ್ರ ಊರು ಕೊಡ್ಲಿ ಸಾಹೇಬ್ರ. ಸೋತಾವ್ರ ಮನಿಯಿಂದನ ಯಾಕ ಒಯ್ಯತೀರಿ?"

ಅವರು ನನ್ನ ಮುಖ ನೋಡಿದರು. ಆಮೇಲೆ ಟೋಪಿ ಹಾಕಿಕೊಂಡು ಠಾಣೆಯ ಕಡೆಗೆ ನಡೆದರು.

ಸಂಜೆ ಸೈರನ್ನಿನ ಬಾಯಿಗೆ ಭರಣಿ ಹಿಡಿದರು. ಬರುತ್ತದೋ ಇಲ್ಲವೋ ಎಂದು ಎಲ್ಲರಿಗೂ ಹೆದರಿಕೆಯಿತ್ತು. ಬಂತು. ಗುರುಶಾಂತಪ್ಪ ಭರಣಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗಿ ಅವಳ ಹೊಸ್ತಿಲಲ್ಲಿ ಬಿಚ್ಚಿದ. ಅವಳು ಒಮ್ಮೆ ಮಾತ್ರ ಹೊಡೆದು ನೋಡಿದಳು. ಆಮೇಲೆ ನಮ್ಮನ್ನು ಹೋಗಿರೆಂದು ಹೇಳಿ ಬಾಗಿಲು ಹಾಕಿಕೊಂಡಳು. ನಾವು ಓಣಿಯ ತಿರುವು ದಾಟುವವರೆಗೂ ಅವಳು ಎರ‍ಡನೆಯ ಸಲ ಹೊಡೆಯಲಿಲ್ಲ.

ಫೌಜದಾರರು ಮರುದಿನದಿಂದ ಮನೆ ಮನೆಗೆ ಹೋದರು. ದಾವೆ ಹೂಡದವರ ಮನೆಗೇ ಹೋದರು. ಬಾಗಿಲಲ್ಲಿ ನಿಂತು, ಒಂದು ಸದ್ದು ಬೇಕಾಗಿತ್ತು ಎಂದು ಕೇಳಿದರು. ಮೊದಲು ಯಾರೂ ಕೊಡಲಿಲ್ಲ. ನಮಗೇನು ತಕರಾರಿಲ್ಲವಲ್ಲ ಅನ್ನುತ್ತಿದ್ದರು. ಮೊದಲಿಗೆ ಬಂದವನು ಯಮನಪ್ಪ. ಹೆಂಡತಿಯ ಕೈಯಿಂದ ತಾಟು ಇಸಿದುಕೊಂಡು ಬಂದು ಗುರುಶಾಂತಪ್ಪನ ಮೇಜಿನ ಮುಂದೆ ಬಾರಿಸಿದ. ಅವನ ಹಿಂದೆ ಆ ಇಪ್ಪತ್ತೆರಡು ಜನ ಬಂದರು. ಮುನ್ಸೀಫ ಸಾಹೇಬರು ತಮ್ಮ ತೂಗುಮಂಚದ ಸರಪಳಿಯ ಸದ್ದು ಕೊಟ್ಟರು. ಒಂದೊಂದೇ ಸದ್ದಾದರೆ ಮೊದಲ ಹೊಂಡ ದಾಟದವು, ನಲವತ್ತು ಸೇರಿ ಒಮ್ಮೆಲೇ ಹೊರಟಾಗ ಕೊನೆಯ ಖಣಿಯನ್ನೂ ದಾಟಿ ಹೋದವು. ಮುಂದಿನ ಧೂಳಿಗೆ ಯಾರೂ ಹೊಂಡಕ್ಕೆ ಬೀಳಲಿಲ್ಲ. ದಾರಿ ತಪ್ಪಿದರೂ ತಡೆಯಲು ಗೋಡೆಗಳಿದ್ದವು. ಬಂದವರನ್ನು ಕೇಳಿದರೆ ಒಬ್ಬೊಬ್ಬರೂ ತಮಗೆ ಒಂದೇ ಸದ್ದು ಕೇಳಿತೆಂದು, ಅದು ತಮ್ಮ ಮನೆಯದೇ ಎಂದು ಆಣೆ ಮಾಡಿ ಹೇಳುತ್ತಿದ್ದರು.

ಆ ಧೂಳಿನ ಮೂರು ದಿನ ನಾನು ಮನೆಯೊಳಗೆ ಕೂತು ಆ ಸೈರನ್ನು ಕೇಳಿದೆ. ಅದರಲ್ಲಿ ನಮ್ಮ ಓಣಿಯ ಎಲ್ಲ ಮನೆಗಳೂ ಇದ್ದವು, ನನ್ನದೊಂದು ಇರಲಿಲ್ಲ. ಹತ್ತೊಂಬತ್ತು ವರ್ಷ ನೂರಾರು ಜನರ ಮುಂದೆ ಭರಣಿ ಹಿಡಿದಿದ್ದೆ. ಮೂರನೆಯ ಸದ್ದಿಗೆ ಅವರ ಮುಖ ಹೇಗಾಗುತ್ತಿತ್ತೆಂದು ಈಗ ನೆನಪಿಸಿಕೊಳ್ಳಲು ನೋಡಿದರೆ ಒಂದು ಮುಖವೂ ಬರಲಿಲ್ಲ. ನಾನು ನೋಡುತ್ತಿದ್ದದ್ದು ಭರಣಿಯ ಬಾಯನ್ನು ಮಾತ್ರ.

ಧೂಳು ಇಳಿದ ಮೇಲೆ ರೊಟ್ಟಿ ಬಡಿಯುವ ಹಲಗೆ, ಒಂದು ಮುದ್ದೆ ಜೋಳದ ಹಿಟ್ಟು ತೆಗೆದುಕೊಂಡು ಕೋರ್ಟಿಗೆ ಹೋದೆ. ಗುರುಶಾಂತಪ್ಪ ಎದ್ದು ನಿಂತು ಕುರ್ಚಿ ಕೊಟ್ಟ. ನಾನು ನೆಲದ ಮೇಲೆ ಕೂತು ಹಿಟ್ಟು ತಟ್ಟಿದೆ. "ಮೂರು ಸಲರಿ ಬಾಯಾರ" ಎಂದು ಅವನು ನನಗೆ ಹೇಳಿಕೊಟ್ಟ. ಮೂರನೆಯದಕ್ಕೆ ಅವನು ಬಾಯಿ ಮುಚ್ಚಿದ. ಕೈ ಹಗುರಾದಂತೆ ಅನಿಸಿತು, ಅಷ್ಟೇ.

ಮರುದಿನ ಬೆಳಿಗ್ಗೆ ಎಂದಿನಂತೆ ಒಲೆ ಹಚ್ಚಿ ಹಂಚು ಇಟ್ಟೆ. ಹಿಟ್ಟು ನಾದಿ ಹಲಗೆಯ ಮೇಲೆ ಬಡಿಯತೊಡಗಿದೆ. ಹಿಟ್ಟು ಅಗಲವಾಗುತ್ತ ಹೋಯಿತು, ನನ್ನ ಅಂಗೈ ಬೀಳುತ್ತಿತ್ತು, ಏಳುತ್ತಿತ್ತು. ಹಿಂದೆ ಎಂದೂ ಕೇಳದಿದ್ದ ಉರಿಯ ಸಣ್ಣ ಚಿಟಪಟ, ಹೊರಗೆ ನಮ್ಮ ಮನೆಯವರು ಪೇಪರಿನ ಹಾಳೆ ತಿರುಗಿಸುವುದು, ಎಲ್ಲ ಕೇಳಿಸುತ್ತಿತ್ತು. ನಾಲ್ಕು ರೊಟ್ಟಿಗಳಾಗಿದ್ದವು. ಪಡಸಾಲೆಯಿಂದ ಅವರ ದನಿ ಬಂತು.

"ಏ, ಇವತ್ತ ರೊಟ್ಟಿ ಬಡಿಯೂದಿಲ್ಲೇನ? ಮೈಯಾಗ ಅರಾಮ ಇಲ್ಲೇನು?"

ಬಿಸಿ ರೊಟ್ಟಿಗಳನ್ನು ತಾಟಿಗೆ ಹಾಕಿ, ಮೇಲೆ ಒಂದು ಬೆಣ್ಣೆಯ ಮುದ್ದೆ ಇಟ್ಟು, ಹೊರಗೆ ಹೋಗಿ ಅವರ ಪಕ್ಕದಲ್ಲಿ ಕೂತೆ.